ಸಣ್ಣ ವಿಮಾನಗಳ ಗಾಲಿಕಾಲುಗಳೂ ಅವುಗಳ ವೈಕಲ್ಯವೂ

ಕಲಬುರಗಿಯಿಂದ ಸೇಡಂ ಪಟ್ಟಣದ ಕಡೆಗೆ ಸಾಗುವ ರಸ್ತೆಯು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವನ್ನು, ಎಂದರೆ ಈಗಿನ ಮಳಖೇಡವನ್ನು, ಹಾದುಹೋಗುವುದರಿಂದ ಕನ್ನಡಿಗರಿಗೆ ಹೊಸದಾಗಿ ಪರಿಚಯಮಾಡಿಕೊಡಬೇಕಾದ ಹಾದಿಯಲ್ಲ. ಅದೇ ಸೇಡಂ ರಸ್ತೆಯಲ್ಲಿ, ಶ್ರೀನಿವಾಸ ಸರಡಗಿ ಗ್ರಾಮದ ಸಮೀಪದಲ್ಲಿ, ತೊಗರಿ ಬೆಳೆಯುವ ಎರೆಹೊಲಗಳ ನಡುವೆ ಕಲಬುರಗಿಯ ವಿಮಾನ ನಿಲ್ದಾಣವು ನಿರ್ಮಿತವಾಗಿ ೨೦೧೯ನೆಯ ಇಸವಿ ನವೆಂಬರ್ ೨೨ನೆಯ ತಾರೀಖಿನಂದು ಸಾರ್ವಜನಿಕರ ಉಪಯೋಗಕ್ಕೆ ತೆರೆಯಲ್ಪಟ್ಟಿತು. ಅದಕ್ಕೆ ಒಂದು ವರ್ಷಕ್ಕಿಂತಲೂ ಹಿಂದೆ, ೨೦೧೮ರ ಆಗಸ್ಟ್ ತಿಂಗಳಲ್ಲಿ, ಆ ರನ್‌ವೇಯನ್ನು ಪರೀಕ್ಷಿಸುವುದಕ್ಕಾಗಿ ಮೊಟ್ಟಮೊದಲು ಅಲ್ಲಿ ಇಳಿದವು ದೊಡ್ಡ ವಿಮಾನಗಳಲ್ಲ. ಹೈದರಾಬಾದಿನ ವಿಮಾನ ಶಿಕ್ಷಣ ಸಂಸ್ಥೆಯೊಂದಕ್ಕೆ ಸೇರಿದ ಎರಡು ಸಣ್ಣ ಡೈಮಂಡ್ ವಿಮಾನಗಳು. ಅವುಗಳಲ್ಲಿ ಒಂದು ಒಂಟಿ ಎಂಜಿನ್ನಿನ ಡಿಎ ೪೦, ಇನ್ನೊಂದು ಜೋಡಿ ಎಂಜಿನ್ನಿನ ಡಿಎ ೪೨. ನೋಡುವವರಿಗೆ ಅಣ್ಣತಮ್ಮಂದಿರಂತೆ ತೋರುವ ಈ ಎರಡರಲ್ಲಿ ಎಂಜಿನ್ನಿನ ಸಂಖ್ಯೆಯನ್ನು ಬಿಟ್ಟು ಮತ್ತೊಂದು ಮುಖ್ಯವಾದ ಭೇದವುಂಟು. ಮೊದಲನೆಯದರ ಗಾಲಿಗಳು ಸದಾ ಕೆಳಗೇ ಚಾಚಿಕೊಂಡಿರುತ್ತವೆ. ಎರಡನೆಯದರ ಗಾಲಿಗಳು ನೆಲವನ್ನು ಬಿಟ್ಟ ಬಳಿಕ ಒಡಲಿನೊಳಕ್ಕೆ ಮಡಿಸಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಲ್ಯಾಂಡಿಂಗ್ ಗೇರ್ ಎನ್ನುವ ಈ ಅಂಗವನ್ನು ಇಲ್ಲಿ ಗಾಲಿಕಾಲು ಎಂದು ಕರೆದಿದೆ.

ಈ ವಿಷಯವು ಕಲಬುರಗಿಗೆ ದೂರದ್ದಲ್ಲ. ವಿಮಾನ ಚಾಲನೆಯ ಶಾಲೆಗಳಿಗಾಗಿ ೨೦೨೧ರಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿಯೊಡನೆ ಕಲಬುರಗಿಯೂ ಸೇರಿತು. ಭಾರತದಲ್ಲಿ ೧೬ ವರ್ಷ ತುಂಬಿದವರು ವಿದ್ಯಾರ್ಥಿ ಚಾಲಕರ ಪರವಾನಗಿಯನ್ನು ಪಡೆಯಬಹುದು. ವಾಣಿಜ್ಯ ಪರವಾನಗಿಗೆ ೨೦೦ ಗಂಟೆಗಳ ಹಾರಾಟವು ಅವಶ್ಯಕ. ಅದರಲ್ಲಿ ದೊಡ್ಡದೊಂದು ಭಾಗವನ್ನು ವಿದ್ಯಾರ್ಥಿಯು ಪಕ್ಕದಲ್ಲಿ ಗುರುವಿಲ್ಲದೆ ತಾನೇ ಹಾರಿ ಪೂರೈಸಬೇಕು. ಹೀಗಿರಲಾಗಿ, ಗಾಲಿಕಾಲು ಕೈಕೊಟ್ಟಾಗ ಆಕಾಶದಲ್ಲಿ ಒಂಟಿಯಾಗಿರುವ ತರುಣನೋ ತರುಣಿಯೋ ಏನು ಮಾಡಬೇಕು, ಏನು ಮಾಡಲಾಗದು ಎಂಬ ವಿಚಾರವು ಕೇವಲ ಯಂತ್ರಶಾಸ್ತ್ರಜ್ಞರಿಗೆ ಬಿಟ್ಟುಬಿಡುವಂಥದಲ್ಲ.

ಗಾಲಿಗಳನ್ನು ಮಡಿಸುವ ತೊಂದರೆಯನ್ನೇ ಏತಕ್ಕೆ ತೆಗೆದುಕೊಳ್ಳಬೇಕೆಂದು ಮೊದಲು ಕೇಳಬಹುದು. ೧೯೦೩ರಲ್ಲಿ ರೈಟ್ ಸೋದರರು ಹಾರಿಸಿದ ವಿಮಾನಕ್ಕೆ ಗಾಲಿಗಳೇ ಇರಲಿಲ್ಲ. ಜಾರುವ ಮರದ ದಿಮ್ಮಿಗಳಿದ್ದುವು. ಮುಂದೆ ಗಾಲಿಗಳು ಬಂದುವು. ವೇಗವು ಹೆಚ್ಚಿದಂತೆ ಅವೇ ಹೊರೆಯಾದುವು. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕನುಸಾರವಾಗಿ ಬೆಳೆಯುತ್ತದೆ. ವೇಗವು ಇಮ್ಮಡಿಯಾದರೆ ಪ್ರತಿರೋಧವು ನಾಲ್ಮಡಿಯಾಗುವುದು. ಆದಕಾರಣ ನಿಧಾನವಾಗಿ ಹಾರುವ ವಿಮಾನಕ್ಕೆ ಲೆಕ್ಕಕ್ಕೆ ಬಾರದ ಗಾಲಿಗಳು ಶೀಘ್ರಗಾಮಿಗೆ ದುಬಾರಿಯಾಗುತ್ತವೆ. ೧೯೩೦ರ ದಶಕದಲ್ಲಿ ಮಡಿಸುವ ಗಾಲಿಕಾಲುಗಳು ಸಾಮಾನ್ಯವಾದುವು. ಬೆಂಗಳೂರಿನಲ್ಲಿ ೧೯೪೦ರ ಡಿಸೆಂಬರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಮರುವರ್ಷವೇ ಜೋಡಿಸಿ ಹಾರಿಸಿದ ಮೊದಲ ವಿಮಾನವಾದ ಹಾರ್ಲೋ ಪಿಸಿ ೫ ಸಹ ಗಾಲಿಗಳನ್ನು ಮಡಿಸುವ ಜಾತಿಯದೇ ಆಗಿತ್ತು. ಆದರೆ ಆ ಕಾರ್ಖಾನೆಯವರು ತಾವಾಗಿ ರಚಿಸಿದ ಶಿಕ್ಷಣ ವಿಮಾನಗಳಾದ ಎಚ್‌ಟಿ ೨ (೧೯೫೧), ಪುಷ್ಪಕ್ (೧೯೫೮) ಮುಂತಾದವುಗಳಿಗೂ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ ವಿಮಾನಕ್ಕೂ ಗಾಲಿಗಳನ್ನು ಸ್ಥಿರವಾಗಿಯೇ ಇಟ್ಟರು. ಇದು ಹಿಂದೆ ಬಿದ್ದುದರ ಲಕ್ಷಣವಲ್ಲ, ವಿವೇಕದ ಲಕ್ಷಣ. ಕಲಿಯುವವನು ದಿನಕ್ಕೆ ಹತ್ತಾರು ಸಲ ಇಳಿದೇಳುವ ಯಂತ್ರದಲ್ಲಿ ಮಡಿಸುವ ಭಾಗವೇ ಇಲ್ಲದಿದ್ದರೆ ಅದು ಕೆಡುವ ಭಯವೂ ಇಲ್ಲ, ಇಳಿಸಲು ಮರೆಯುವ ಭಯವೂ ಇಲ್ಲ.

ಸ್ಥಿರವಾದ ಗಾಲಿಕಾಲಿಗೆ ಅಪಾಯವೇ ಇಲ್ಲವೆಂದು ಇದರಿಂದ ತಿಳಿಯಲಾಗದು. ಶಾಲೆಗಳಲ್ಲಿ ಅದು ಮುರಿಯುವುದು ಬಹುಮಟ್ಟಿಗೆ ಒಂದೇ ಬಗೆಯಲ್ಲಿ: ವೇಗ ಹೆಚ್ಚಾಗಿರುವಾಗಲೇ ವಿದ್ಯಾರ್ಥಿಯು ವಿಮಾನವನ್ನು ನೆಲಕ್ಕೆ ಒತ್ತುತ್ತಾನೆ, ಮುಂಗಾಲಿಯು, ಎಂದರೆ ಮೂಗಿನ ಕೆಳಗಿನ ಗಾಲಿಯು, ಮೊದಲು ತಗುಲಿ ವಿಮಾನವು ಪುಟಿಯುತ್ತದೆ, ಅವನು ಬೆದರಿ ಹಿಡಿಕೋಲನ್ನು ಮುಂದಕ್ಕೆ ತಳ್ಳುತ್ತಾನೆ, ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ಬಲವಾಗಿ, ಮೂರನೆಯದರಲ್ಲಿ ಮುಂಗಾಲು ಕುಸಿಯುತ್ತದೆ. ಒಂದು ಪುಟಿತವಾದ ಕೂಡಲೇ ಎಂಜಿನ್ನಿಗೆ ಪೂರ್ಣಶಕ್ತಿಯನ್ನು ಕೊಟ್ಟು ಮತ್ತೆ ಮೇಲೇರಿ ಹೊಸದಾಗಿ ಇಳಿಯಲು ಬರುವುದೇ ಇದಕ್ಕೆ ಮದ್ದು. ಈ ಮಾತು ಗಾಲಿಗಳ ಮೇಲೆ ಪುಟಿದ ವಿಮಾನಕ್ಕೆ ಮಾತ್ರ ಸಲ್ಲುತ್ತದೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಒಡಲು ನೆಲಕ್ಕುಜ್ಜಿದ ವಿಮಾನಕ್ಕೆ ಇದು ಸಲ್ಲದೆಂಬುದು ಮುಂದೆ ತಿಳಿದುಬರುವುದು.

ಮಡಿಸುವ ಗಾಲಿಕಾಲನ್ನು ಎತ್ತಿಳಿಸುವ ಶಕ್ತಿಯು ಸಣ್ಣ ವಿಮಾನಗಳಲ್ಲಿ ಎರಡು ಬಗೆ. ಬೀಚ್‌ಕ್ರಾಫ್ಟ್ ಬೊನಾಂಜಾ ಮುಂತಾದವುಗಳಲ್ಲಿ ವಿದ್ಯುತ್ ಮೋಟಾರು ನೇರವಾಗಿ ಕಾಲುಗಳನ್ನು ಚಲಿಸುತ್ತದೆ. ಮೋಟಾರು ನಿಂತರೆ ಆಸನದ ಹಿಂದಿರುವ ಕೈತಿರುಪನ್ನು ಸುಮಾರು ೫೦ ಸುತ್ತು ತಿರುಗಿಸಿ ಗಾಲಿಗಳನ್ನಿಳಿಸಬೇಕು. ಡಿಎ ೪೨ ಮುಂತಾದವುಗಳಲ್ಲಿ ವಿದ್ಯುತ್ ಪಂಪು ಎಣ್ಣೆಯನ್ನು ಒತ್ತಿ, ಆ ಎಣ್ಣೆಯ ಒತ್ತಡವು ಕಾಲುಗಳನ್ನು ಮೇಲಕ್ಕೆತ್ತಿ ಅಲ್ಲಿಯೇ ಹಿಡಿದಿರುತ್ತದೆ. ಈ ಎರಡನೆಯ ರಚನೆಯಲ್ಲಿ ಒಂದು ಜಾಣತನವುಂಟು. ಗಾಲಿಗಳನ್ನು ಮೇಲೆ ಹಿಡಿದಿರುವುದು ಒತ್ತಡವೇ ಆದುದರಿಂದ, ತುರ್ತಿನ ಹಿಡಿಕೆಯನ್ನೆಳೆದು ಆ ಒತ್ತಡವನ್ನು ಬಿಟ್ಟುಕೊಟ್ಟರೆ ಅವು ತಮ್ಮ ಭಾರದಿಂದಲೇ ಕೆಳಗೆ ಬೀಳುತ್ತವೆ. ಪಂಪು ಕೆಟ್ಟರೂ, ವಿದ್ಯುತ್ತು ಹೋದರೂ, ಭೂಮಿಯ ಆಕರ್ಷಣೆಯು ಕೆಡುವುದಿಲ್ಲವಷ್ಟೆ.

ಕಾಲು ಕೆಳಗೆ ಬಂದರೆ ಸಾಲದು; ಅದರ ಅಗುಳಿಯೂ ಬೀಳಬೇಕು. ಅಗುಳಿ ಬೀಳದ ಕಾಲು ವಿಮಾನದ ಭಾರವು ಬಿದ್ದೊಡನೆ ಮಡಿಸಿಹೋಗುವುದು. ಅಗುಳಿ ಬಿದ್ದುದನ್ನು ತಿಳಿಸಲು ಚಾಲಕನ ಮುಂದೆ ಒಂದೊಂದು ಕಾಲಿಗೆ ಒಂದರಂತೆ ಮೂರು ಹಸುರು ದೀಪಗಳಿರುತ್ತವೆ. ಗಾಲಿಗಳಿಳಿಯದೆ ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿದರೆ ಎಚ್ಚರಿಕೆಯ ತುತ್ತೂರಿಯೂ ಕೂಗುತ್ತದೆ. ಗಾಲಿಕಾಲಿನ ವೈಕಲ್ಯವೆಂಬುದು ಚಾಲಕನ ಅನುಭವಕ್ಕೆ ಬರುವುದು ಸಾಮಾನ್ಯವಾಗಿ ಹೀಗೆಯೇ: ಹಿಡಿಕೆಯನ್ನು ಕೆಳಕ್ಕೆ ಸರಿಸಿದ್ದಾನೆ, ಎರಡು ದೀಪಗಳು ಹೊತ್ತಿವೆ, ಮೂರನೆಯದು ಹೊತ್ತಿಲ್ಲ.

ಈ ಕ್ಷಣವೇ ಇಡೀ ವಿಷಯದ ಮರ್ಮಸ್ಥಾನ. ಎಂಜಿನ್ನು ನಿಂತವನಿಗೆ ಸಮಯವಿಲ್ಲ. ಅವನು ಕೆಲವೇ ನಿಮಿಷಗಳಲ್ಲಿ, ಎದುರಿಗೆ ಸಿಕ್ಕ ಹೊಲದಲ್ಲಿ ಇಳಿಯಲೇಬೇಕು. ಗಾಲಿಯಿಳಿಯದವನಿಗೆ ಎಂಜಿನ್ನಿದೆ, ರೆಕ್ಕೆಯಿದೆ, ಇಂಧನವಿರುವಷ್ಟು ಹೊತ್ತು ವೇಳೆಯಿದೆ. ಗಾಲಿಗಳಿಲ್ಲದೆ ಸಣ್ಣ ವಿಮಾನವೊಂದು ನೇರವಾದ ರನ್‌ವೇಯ ಮೇಲೆ ಮೆಲ್ಲಗೆ ಜಾರಿ ನಿಂತರೆ ಲೋಹವು ಸವೆಯುವುದು, ಪ್ರೊಪೆಲ್ಲರು ಬಾಗುವುದು, ಒಳಗಿದ್ದವರು ಬಹುಶಃ ತಾವಾಗಿಯೇ ಬಾಗಿಲು ತೆಗೆದು ಇಳಿದುಬರುವರು. ಪ್ರಾಣಕ್ಕೆ ಎರವಾಗುವುದು ಕೆಟ್ಟ ಗಾಲಿಗಿಂತ ಹೆಚ್ಚಾಗಿ ಆ ಗಾಲಿಯಲ್ಲೇ ನೆಟ್ಟುಹೋದ ಮನಸ್ಸು.

ಇದಕ್ಕೆ ದೊಡ್ಡ ವಿಮಾನಗಳ ಚರಿತ್ರೆಯಲ್ಲಿ ಎರಡು ದಾರುಣವಾದ ಸಾಕ್ಷಿಗಳಿವೆ. ೧೯೭೨ನೆಯ ಇಸವಿ ಡಿಸೆಂಬರ್ ೨೯ರ ರಾತ್ರಿ ಅಮೆರಿಕದ ಮಯಾಮಿಯಲ್ಲಿ ಇಳಿಯಬೇಕಾಗಿದ್ದ ಈಸ್ಟರ್ನ್ ಸಂಸ್ಥೆಯ ೪೦೧ನೆಯ ಸಂಖ್ಯೆಯ ವಿಮಾನದಲ್ಲಿ ಮುಂಗಾಲಿಯ ಹಸುರು ದೀಪವು ಹೊತ್ತಲಿಲ್ಲ. ಚಾಲಕರು ೨,೦೦೦ ಅಡಿಗಳ ಎತ್ತರದಲ್ಲಿ ವಿಮಾನವನ್ನು ಸ್ವಯಂಚಾಲಕ ಯಂತ್ರಕ್ಕೊಪ್ಪಿಸಿ ಎಲ್ಲರೂ ಆ ದೀಪವನ್ನು ಬಿಚ್ಚಿ ನೋಡುವುದರಲ್ಲಿ ತೊಡಗಿದರು. ಎತ್ತರವನ್ನು ಕಾಯುತ್ತಿದ್ದ ಏರ್ಪಾಡು ಅವರರಿಯದಂತೆ ತಪ್ಪಿಹೋಗಿ ವಿಮಾನವು ಮೆಲ್ಲಮೆಲ್ಲಗೆ ಇಳಿದು ಎವರ್‌ಗ್ಲೇಡ್ಸ್ ಎಂಬ ಜೌಗುಭೂಮಿಗೆ ಅಪ್ಪಳಿಸಿತು. ೧೭೬ ಜನರಲ್ಲಿ ಸುಮಾರು ನೂರು ಮಂದಿ ಸತ್ತರು. ಮುಂಗಾಲಿಯು ಸರಿಯಾಗಿಯೇ ಇಳಿದು ಅಗುಳಿ ಬಿದ್ದಿತ್ತು, ಸುಟ್ಟುಹೋಗಿದ್ದುದು ದೀಪ. ಆರು ವರ್ಷಗಳ ಮೇಲೆ, ೧೯೭೮ರ ಡಿಸೆಂಬರ್ ೨೮ರಂದು, ಪೋರ್ಟ್‌ಲೆಂಡಿನಲ್ಲಿ ಯುನೈಟೆಡ್ ಸಂಸ್ಥೆಯ ೧೭೩ನೆಯ ಸಂಖ್ಯೆಯ ವಿಮಾನದ ಗಾಲಿಗಳು ದೊಡ್ಡ ಸದ್ದಿನೊಡನೆ ಬಿದ್ದು ದೀಪವು ಹೊತ್ತದಿರಲು, ಮುಖ್ಯ ಚಾಲಕನು ಸುಮಾರು ಒಂದು ಗಂಟೆಯ ಕಾಲ ಸುತ್ತುಹಾಕುತ್ತ ತುರ್ತಿನ ಸಿದ್ಧತೆಯಲ್ಲಿ ಮಗ್ನನಾದನು. ಇಂಧನವು ಮುಗಿದು ಎಂಜಿನ್ನುಗಳು ಒಂದೊಂದಾಗಿ ನಿಂತು ವಿಮಾನವು ಊರಂಚಿನಲ್ಲಿ ಬಿದ್ದು ಹತ್ತು ಮಂದಿ ಮೃತರಾದರು. ಅಲ್ಲಿಯೂ ಗಾಲಿಗಳು ಇಳಿದೇ ಇದ್ದುವು. ಕಿರಿಯ ಚಾಲಕನ ಎಚ್ಚರಿಕೆಯ ಮಾತಿಗೆ ಹಿರಿಯನು ಕಿವಿಗೊಡಬೇಕೆಂಬ ಶಿಕ್ಷಣಕ್ರಮವು ವಿಮಾನಯಾನದಲ್ಲಿ ಬೇರೂರಿದುದು ಈ ಅಪಘಾತದ ತರುವಾಯ.

ಆದುದರಿಂದ ದೀಪವು ಹೊತ್ತದಿದ್ದಾಗ ಮೊದಲನೆಯ ಕೆಲಸ ದೀಪವನ್ನು ನೋಡುವುದಲ್ಲ, ವಿಮಾನವನ್ನು ಹಾರಿಸುವುದು. ಇಳಿಯುವುದನ್ನು ಕೈಬಿಟ್ಟು, ಸುರಕ್ಷಿತವಾದ ಎತ್ತರಕ್ಕೇರಿ, ವೇಗವನ್ನು ಸ್ಥಿರಪಡಿಸಿಕೊಂಡು, ನಿಲ್ದಾಣದ ಗೋಪುರಕ್ಕೆ ಸುದ್ದಿ ಮುಟ್ಟಿಸಬೇಕು. ತತ್‌ಕ್ಷಣದ ಪ್ರಾಣಾಪಾಯವಿಲ್ಲದ ತುರ್ತನ್ನು ತಿಳಿಸಲು "ಪ್ಯಾನ್ ಪ್ಯಾನ್" ಎಂಬ ಮಾತನ್ನು ಮೂರು ಸಲ ಹೇಳುವ ವಾಡಿಕೆಯುಂಟು. ಇಳಿಯುವುದೇ ಗಂಡಾಂತರವೆಂದು ನಿಶ್ಚಯವಾದರೆ "ಮೇ ಡೇ" ಎಂಬುದನ್ನು. ಹೀಗೆ ಹೇಳಲು ಹೊಸಬರು ನಾಚುತ್ತಾರೆ. ಗುರುಗಳು ಬೈದಾರೆಂದು ಅಂಜುತ್ತಾರೆ. ನಾಚಿಕೆಗೆ ಕಾರಣವಿಲ್ಲ. ಗೋಪುರಕ್ಕೆ ತಿಳಿಸಿದರೆ ಇತರ ವಿಮಾನಗಳು ದೂರ ನಿಲ್ಲುವುವು, ಬೆಂಕಿ ಆರಿಸುವ ಬಂಡಿಗಳು ಸಜ್ಜಾಗುವುವು, ಶಾಲೆಯ ಹಿರಿಯ ಗುರುವೊಬ್ಬನು ರೇಡಿಯೋದ ಬಳಿಗೆ ಬಂದು ಕೈಪಿಡಿಯನ್ನು ಓದಿ ಹೇಳಬಲ್ಲನು.

ಅನಂತರ ಪರಿಶೀಲನೆ. ದೀಪದ ಬುರುಡೆಯು ಸುಟ್ಟಿದೆಯೇ ಎಂದು ಪಕ್ಕದ ದೀಪದೊಡನೆ ಅದಲುಬದಲು ಮಾಡಿ ನೋಡಬಹುದು. ಕೆಲವು ವಿಮಾನಗಳಲ್ಲಿ ರಾತ್ರಿಯ ದೀಪಗಳ ಗುಂಡಿಯನ್ನು ಹಾಕಿದರೆ ಈ ಹಸುರು ದೀಪಗಳು ಮಂದವಾಗುವುದರಿಂದ ಹಗಲಿನ ಬಿಸಿಲಿನಲ್ಲಿ ಅವು ಆರಿದಂತೆಯೇ ಕಾಣುವುವು. ಕಲಬುರಗಿಯ ವೈಶಾಖದ ಬಿಸಿಲಿನಲ್ಲಂತೂ ಇದು ಯಾರನ್ನಾದರೂ ಮೋಸಗೊಳಿಸಬಹುದು. ಪಂಪಿನ ವಿದ್ಯುತ್ ಬಂಧಕವು ಹೊರಕ್ಕೆ ಚಿಮ್ಮಿದೆಯೇ ಎಂದು ನೋಡಬೇಕು. ೨೦೧೧ರ ನವೆಂಬರ್ ೧ರಂದು ವಾರ್ಸಾದಲ್ಲಿ ೨೩೧ ಜನರಿದ್ದ ಬೋಯಿಂಗ್ ವಿಮಾನವೊಂದು ಗಾಲಿಗಳಿಲ್ಲದೆ ಒಡಲಿನ ಮೇಲೆ ಇಳಿಯಿತು. ಯಾರಿಗೂ ಗಂಭೀರವಾದ ಗಾಯವಾಗಲಿಲ್ಲ. ತರುವಾಯ ನೋಡಲಾಗಿ, ತುರ್ತಿನ ಏರ್ಪಾಡಿಗೆ ವಿದ್ಯುತ್ತನ್ನೊದಗಿಸುವ ಒಂದು ಸಣ್ಣ ಬಂಧಕವು ಹೊರಕ್ಕೆ ಬಂದಿದ್ದಿತು; ಅದನ್ನೊತ್ತಿದೊಡನೆ ಗಾಲಿಗಳು ಇಳಿದುವು.

ಇಷ್ಟರಿಂದಲೂ ಫಲವಾಗದಿದ್ದರೆ ಆ ವಿಮಾನದ ಕೈಪಿಡಿಯನ್ನು ತೆಗೆದು, ನೆನಪನ್ನು ನೆಚ್ಚದೆ, ಸಾಲುಸಾಲಾಗಿ ಓದಿ ತುರ್ತಿನ ಕ್ರಮವನ್ನನುಸರಿಸಬೇಕು. ವೇಗವನ್ನು ತಗ್ಗಿಸುವುದು ಇದರಲ್ಲಿ ಮುಖ್ಯ. ಎದುರುಗಾಳಿಯ ಒತ್ತಡವು ಬೀಳುವ ಕಾಲನ್ನು ತಡೆಯಬಹುದು. ಕಾಲು ಇಳಿದು ಅಗುಳಿ ಮಾತ್ರ ಬೀಳದಿದ್ದರೆ ವಿಮಾನದ ಮೂಗನ್ನು ಎಡಬಲಕ್ಕೆ ತೂಗಿಸುವುದರಿಂದ ಒಮ್ಮೊಮ್ಮೆ ಕೆಲಸವಾಗುತ್ತದೆ. ಗೋಪುರದ ಮುಂದೆ ಹಾರಿಹೋದರೆ ಕೆಳಗಿನವರು ದೂರದರ್ಶಕದಿಂದ ನೋಡಿ ಕಾಲುಗಳಿಳಿದಿವೆಯೇ ಎಂದು ಹೇಳಬಲ್ಲರು. ಆದರೆ ಅಗುಳಿ ಬಿದ್ದಿದೆಯೇ ಎಂಬುದು ಅವರ ಕಣ್ಣಿಗೂ ಕಾಣದು. ತುರ್ತಿನ ಕ್ರಮದಿಂದ ಇಳಿಸಿದ ಗಾಲಿಗಳನ್ನು, ಕೈಪಿಡಿಯು ಹೇಳದ ಹೊರತು, ಮತ್ತೆ ಎತ್ತಿ ಪರೀಕ್ಷಿಸುವ ಕುತೂಹಲವು ಒಳ್ಳೆಯದಲ್ಲ. ಎಲ್ಲ ಪ್ರಯತ್ನಗಳೂ ಮುಗಿದುವೆಂದು ಯಾವಾಗ ಒಪ್ಪಿಕೊಳ್ಳಬೇಕೆಂಬುದನ್ನು ಮಾತ್ರ ಇಂಧನದ ಸೂಚಿಯು ನಿರ್ಣಯಿಸಬೇಕು. ಇಂಧನವು ಕಡಿಮೆಯಾದಷ್ಟು ವಿಮಾನವು ಹಗುರ, ಬೆಂಕಿಯ ಭಯವೂ ಅಲ್ಪ; ಆದರೂ ಒಂದು ಸಲ ಇಳಿಯಲಾಗದೆ ಮತ್ತೆ ಸುತ್ತಿಬರುವಷ್ಟು ಇಂಧನವು ಉಳಿದಿರಲೇಬೇಕು. ಆಸ್ಟ್ರೇಲಿಯದ ನ್ಯೂಕ್ಯಾಸಲ್ಲಿನಲ್ಲಿ ೨೦೨೪ರ ಮೇ ೧೩ರಂದು ಚಾಲಕನನ್ನೂ ಇಬ್ಬರು ಪ್ರಯಾಣಿಕರನ್ನೂ ಹೊತ್ತ ಬೀಚ್‌ಕ್ರಾಫ್ಟ್ ಕಿಂಗ್ ಏರ್ ವಿಮಾನವೊಂದು ಗಾಲಿಗಳಿಳಿಯದೆ ಸುಮಾರು ಮೂರು ಗಂಟೆಗಳ ಕಾಲ ಸುತ್ತಿ ಇಂಧನವನ್ನು ಸವೆಸಿ, ಆಮೇಲೆ ಒಡಲಿನ ಮೇಲೆ ಇಳಿದು ನೇರವಾಗಿ ಜಾರಿ ನಿಂತಿತು. ಮೂವರೂ ನಡೆದುಕೊಂಡೇ ಹೊರಬಂದರು.

ಎಲ್ಲಿ ಇಳಿಯಬೇಕು? ಮೆತ್ತನೆಯ ಮಣ್ಣೇ ಲೇಸೆಂದು ಸಾಮಾನ್ಯರ ಊಹೆ. ಸೇಡಂ ರಸ್ತೆಯ ಎರಡು ಮಗ್ಗುಲಿನ ಹೊಲಗಳನ್ನು ಬಲ್ಲವರು ಈ ಊಹೆಯನ್ನು ಒಪ್ಪಲಾರರು. ಎರೆಭೂಮಿಯು ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು. ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು. ಮೃದುವಾದ ನೆಲದಲ್ಲಿ ವಿಮಾನದ ಮೂಗೋ ರೆಕ್ಕೆಯ ತುದಿಯೋ ನೆಟ್ಟುಕೊಂಡರೆ ಅದು ಒಮ್ಮೆಲೇ ನಿಲ್ಲುವುದು ಅಥವಾ ಮಗುಚುವುದು. ಗಟ್ಟಿಯಾದ ರನ್‌ವೇಯ ಮೇಲಾದರೋ ಅದು ಜಾರುತ್ತ ವೇಗವನ್ನು ಸ್ವಲ್ಪಸ್ವಲ್ಪವಾಗಿ ಕಳೆದುಕೊಳ್ಳುತ್ತದೆ. ಕಿಡಿಗಳು ಹಾರುವುದುಂಟು, ಇಂಧನದ ತೊಟ್ಟಿಯು ಒಡೆಯದಿದ್ದರೆ ಅವುಗಳಿಂದ ಬೆಂಕಿ ಹತ್ತುವುದು ಅಪೂರ್ವ. ಕಲಬುರಗಿಯ ರನ್‌ವೇಯ ಉದ್ದವು ಮೂರು ಸಾವಿರ ಮೀಟರಿಗಿಂತ ಹೆಚ್ಚು, ಅಗಲ ೪೫ ಮೀಟರು. ಸಣ್ಣ ವಿಮಾನವೊಂದು ಜಾರಿ ನಿಲ್ಲಲು ಅದರ ಒಂದಂಶವೇ ಸಾಕು. ರನ್‌ವೇಯ ಮೇಲೆ ಮುಂಚಿತವಾಗಿ ನೊರೆಯನ್ನು ಹಾಸುವ ಹಳೆಯ ಪದ್ಧತಿಯ ಪ್ರಯೋಜನವು ಸಿದ್ಧಪಟ್ಟಿಲ್ಲ. ಆ ನೊರೆಯನ್ನು ಬಂಡಿಯಲ್ಲೇ ಉಳಿಸಿಕೊಂಡು ವಿಮಾನ ನಿಂತಮೇಲೆ ಬೇಕಾದರೆ ಎರಚುವುದೇ ಮೇಲೆಂಬ ಅಭಿಪ್ರಾಯವು ಈಗ ಬಲವಾಗಿದೆ.

ಇಳಿಯುವ ಮುನ್ನ ಒಳಗಿನ ಸಡಿಲವಾದ ಸಾಮಾನುಗಳನ್ನು ಭದ್ರಪಡಿಸಿ, ಪಟ್ಟಿಗಳನ್ನು ಬಿಗಿದು, ಕೈಪಿಡಿಯು ಸಮ್ಮತಿಸಿದರೆ ಬಾಗಿಲಿನ ಚಿಲಕವನ್ನು ತೆಗೆದಿರಬೇಕು. ಒಡಲು ಸೊಟ್ಟಗಾದರೆ ಬಾಗಿಲು ಕಚ್ಚಿಕೊಳ್ಳಬಹುದು. ಉಳಿದಂತೆ ಇದು ಎಂದಿನ ಇಳಿತವೇ: ಎಂದಿನ ವೇಗ, ಎಂದಿನ ಇಳಿಜಾರು, ಸಾಧ್ಯವಾದಷ್ಟು ಮೆಲ್ಲಗೆ ನೆಲಕ್ಕೆ ತಾಗುವುದು. ಇಲ್ಲಿ ಅನುಭವಿಗಳನ್ನೂ ಕಾಡುವ ಒಂದು ಪ್ರಲೋಭನೆಯುಂಟು. ಪ್ರೊಪೆಲ್ಲರು ತಿರುಗುತ್ತಿರುವಾಗಲೇ ನೆಲಕ್ಕೆ ಬಡಿದರೆ ಎಂಜಿನ್ನು ಕೆಡುವುದು. ಅದನ್ನುಳಿಸಲು ಆಕಾಶದಲ್ಲಿಯೇ ಎಂಜಿನ್ನನ್ನು ನಿಲ್ಲಿಸಿ ತೇಲುತ್ತ ಇಳಿಯಬಾರದೇಕೆ ಎಂಬ ಆಸೆ. ಹಾಗೆ ಮಾಡಿದವನು ಗಾಲಿಯೊಂದೇ ಇಲ್ಲದಿದ್ದ ವಿಮಾನವನ್ನು ಗಾಲಿಯೂ ಎಂಜಿನ್ನೂ ಇಲ್ಲದ ವಿಮಾನವನ್ನಾಗಿ ಮಾಡಿಕೊಳ್ಳುತ್ತಾನೆ; ರನ್‌ವೇಯನ್ನು ಮುಟ್ಟದೆ ಮುಂಚೆಯೇ ಬೀಳಬಹುದು. ರನ್‌ವೇಯನ್ನು ತಲುಪುವುದು ಖಂಡಿತವೆಂದಾದಮೇಲೆ ಇಂಧನವನ್ನೂ ಕಿಡಿಯನ್ನೂ ವಿದ್ಯುತ್ತನ್ನೂ ಕ್ರಮವಾಗಿ ನಿಲ್ಲಿಸಬೇಕೇ ಹೊರತು ಮೊದಲಲ್ಲ. ಎಂಜಿನ್ನನ್ನು ಕೊಳ್ಳಬಹುದು.

ಯಾವ ಕಾಲು ಇಳಿದಿಲ್ಲವೆಂಬುದರ ಮೇಲೆ ಕ್ರಮವು ಭಿನ್ನವಾಗುತ್ತದೆ. ಹಿಂದಿನ ಎರಡು ಕಾಲುಗಳಲ್ಲಿ ಒಂದು ಮಾತ್ರ ಇಳಿಯದಿದ್ದರೆ, ಉಳಿದವನ್ನು ಎತ್ತಲು ಸಾಧ್ಯವಾದಲ್ಲಿ ಮೂರನ್ನೂ ಮೇಲಿಟ್ಟು ಒಡಲಿನ ಮೇಲೆ ಇಳಿಯುವುದನ್ನು ಅನೇಕ ಕೈಪಿಡಿಗಳು ವಿಧಿಸುತ್ತವೆ. ಎತ್ತಲಾಗದಿದ್ದರೆ, ವಿಮಾನವು ಕಾಲಿಲ್ಲದ ಕಡೆಗೆ ತಿರುಗುವುದು ಖಂಡಿತವಾದುದರಿಂದ, ರನ್‌ವೇಯ ಎದುರು ಮಗ್ಗುಲಿನಲ್ಲಿ ಇಳಿದು ಆ ಕಡೆಯ ರೆಕ್ಕೆಯನ್ನು ಸಾಧ್ಯವಾದಷ್ಟು ಹೊತ್ತು ಎತ್ತಿಹಿಡಿಯಬೇಕು. ಮುಂಗಾಲಿಯೊಂದೇ ಇಲ್ಲದಿದ್ದರೆ ಅದು ಈ ಎಲ್ಲಕ್ಕಿಂತ ಸೌಮ್ಯವಾದುದು.

ಅದಕ್ಕೆ ಕರ್ನಾಟಕದಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. ೨೦೨೩ನೆಯ ಇಸವಿ ಜುಲೈ ೧೧ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಹೊರಟ ಪ್ರೀಮಿಯರ್ ೧ಎ ಎಂಬ ಸಣ್ಣ ಖಾಸಗಿ ಜೆಟ್ ವಿಮಾನದಲ್ಲಿ ಇಬ್ಬರು ಚಾಲಕರ ವಿನಾ ಬೇರೆ ಯಾರೂ ಇರಲಿಲ್ಲ. ಊರೊಳಗಿನ ಪ್ರಯಾಣವೆಂದರೂ ಸಲ್ಲುವಷ್ಟು ಅಲ್ಪವಾದ ದೂರ. ನೆಲವನ್ನು ಬಿಟ್ಟ ಬಳಿಕ ಮುಂಗಾಲಿಯು ಮಡಿಸಿಕೊಳ್ಳಲಿಲ್ಲವೆಂದೂ, ವಿಮಾನವು ಹಿಂದಿರುಗಿ ಮುಂಗಾಲಿಯು ಮೇಲಿರುವ ಸ್ಥಿತಿಯಲ್ಲಿಯೇ ಸುರಕ್ಷಿತವಾಗಿ ಇಳಿಯಿತೆಂದೂ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು ಪ್ರಕಟಿಸಿತು. ಮಡಿಸದ ಗಾಲಿಯು ಇಳಿಯುವಾಗ ಮೇಲಿದ್ದಿತೆಂಬುದು ಮೇಲ್ನೋಟಕ್ಕೆ ಒಂದಕ್ಕೊಂದು ಹೊಂದದ ಮಾತು; ಆದರೆ ಚಾಲಕನ ದೃಷ್ಟಿಯಿಂದ ಇದರಲ್ಲಿ ತಿಳಿಯಬೇಕಾದ ಸಂಗತಿಯೊಂದುಂಟು: ಮೇಲೇರಲು ಹಟಮಾಡಿದ ಗಾಲಿಯು ಕೆಳಗಿಳಿಯಲೂ ಹಟಮಾಡೀತೆಂದೇ ಎಣಿಸಬೇಕು. ಆ ಚಾಲಕರು ಮುಂದಿನ ನಿಲ್ದಾಣಕ್ಕೆ ಹೋಗದೆ ಹಿಂದಿರುಗಿದರು. ಹಿಂದಿನ ಎರಡು ಗಾಲಿಗಳ ಮೇಲೆ ಇಳಿದು, ಮೂಗನ್ನು ಎತ್ತಿಹಿಡಿದು, ವೇಗವು ಕುಗ್ಗಿದಮೇಲೆ ಅದನ್ನು ರನ್‌ವೇಗೆ ತಾಗಿಸಿದರು. ಮೂಗು ನೆಲಕ್ಕೊರಸುತ್ತ ವಿಮಾನವು ನೇರವಾಗಿ ಸಾಗಿ ನಿಂತಿತು. ಇಬ್ಬರಿಗೂ ಅಪಾಯವಾಗಲಿಲ್ಲ.

ಇದಕ್ಕೆ ವಿಪರೀತವಾದುದು ೨೦೨೦ರ ಮೇ ೨೨ರಂದು ಕರಾಚಿಯಲ್ಲಿ ನಡೆಯಿತು. ಅತಿವೇಗದಿಂದಲೂ ಅತಿ ಎತ್ತರದಿಂದಲೂ ಇಳಿಯಬಂದ ಏರ್‌ಬಸ್ ವಿಮಾನದ ಗಾಲಿಗಳು ಮೇಲೇ ಇದ್ದುವು. ಎಚ್ಚರಿಕೆಯ ಸದ್ದುಗಳನ್ನು ಚಾಲಕರು ಲಕ್ಷಿಸಲಿಲ್ಲ. ಎಂಜಿನ್ನುಗಳು ರನ್‌ವೇಗೆ ಉಜ್ಜಿ ಕಿಡಿ ಹಾರಿದಾಗ ಅಲ್ಲಿಯೇ ಜಾರಿ ನಿಲ್ಲುವುದನ್ನು ಬಿಟ್ಟು ಮತ್ತೆ ಮೇಲೇರಿದರು. ಗಾಯಗೊಂಡ ಎರಡು ಎಂಜಿನ್ನುಗಳೂ ಸ್ವಲ್ಪ ಹೊತ್ತಿನಲ್ಲಿ ನಿಂತು ವಿಮಾನವು ಮನೆಗಳ ಮೇಲೆ ಬಿದ್ದಿತು. ಅದರಲ್ಲಿದ್ದ ೯೯ ಜನರಲ್ಲಿ ೯೭ ಮಂದಿ ಸತ್ತರು. ಒಡಲು ಒಮ್ಮೆ ನೆಲಕ್ಕೆ ತಾಗಿದಮೇಲೆ ಮತ್ತೆ ಹಾರಲಾಗದೆಂಬ ನಿಯಮವು ಸಣ್ಣ ವಿಮಾನಕ್ಕೂ ಅಷ್ಟೇ ಸಲ್ಲುತ್ತದೆ. ಅಲ್ಲಿ ಉಜ್ಜುವುದು ಪ್ರೊಪೆಲ್ಲರು, ಬಾಗಿದ ಪ್ರೊಪೆಲ್ಲರು ವಿಮಾನವನ್ನೆತ್ತಲಾರದು.

ನಿಂತ ವಿಮಾನದಿಂದ ಒಳಗಿನವರು ಕೂಡಲೇ ಇಳಿದು, ಗಾಳಿಯು ಬೀಸಿಬರುವ ದಿಕ್ಕಿಗೆ ದೂರಹೋಗಿ ನಿಲ್ಲತಕ್ಕದ್ದು. ಅದನ್ನು ಎತ್ತಿ ಸಾಗಿಸುವವರೆಗೆ ರನ್‌ವೇ ಮುಚ್ಚಿರುತ್ತದೆ. ಕಲಬುರಗಿಯಂತೆ ಒಂದೇ ರನ್‌ವೇಯುಳ್ಳ ನಿಲ್ದಾಣದಲ್ಲಿ ಅಷ್ಟು ಹೊತ್ತು ಇತರ ವಿಮಾನಗಳು ಬೇರೆ ಊರಿಗೆ ತಿರುಗಬೇಕಾಗುವುದು. ಪ್ರೊಪೆಲ್ಲರು ನೆಲಕ್ಕೆ ಬಡಿದಿದ್ದರೆ ಎಂಜಿನ್ನು ಹೊರಗಿನಿಂದ ಸರಿಯಾಗಿ ಕಂಡರೂ ಅದನ್ನು ಪೂರ್ತಿಯಾಗಿ ಬಿಚ್ಚಿ ಒಳಗಿನ ದಂಡಗಳನ್ನು ಪರೀಕ್ಷಿಸಿದ ಹೊರತು ಆ ವಿಮಾನವನ್ನು ಮತ್ತೆ ಹಾರಿಸುವುದಿಲ್ಲ.